ಗೋಲಿನಲ್ಲಿ ಜಾಗ ಒಂದೇ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಆಡಲು ಸಿಗದೆ ಬೆಂಚಿನ ಮೇಲೆ ಕೂತ ಫುಟ್‌ಬಾಲ್ ಗೋಲ್‌ಕೀಪರ್‌ಗಳವು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಕೋರಿಕೆಯಂತೆ ಹೆಸರು ಹಾಕಿಲ್ಲ.

ಪ್ರಶ್ನೆ: ನನಗೆ 24 ವರ್ಷ. ಎರಡು ಸೀಸನ್‌ನಿಂದ ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಆಡಲು ಸಿಕ್ಕಿದ್ದು ಮೂರು ಕಪ್ ಪಂದ್ಯ, ಲೀಗ್‌ನಲ್ಲಿ ಒಂದೂ ಇಲ್ಲ. ಕರಾರು ಇನ್ನೂ 18 ತಿಂಗಳಿದೆ. ಮೊದಲ ಆಯ್ಕೆಯಾಗಿ ಆಡಬಲ್ಲ ಕ್ಲಬ್ಬಿಗೆ ಹೋಗಬೇಕು. ಎಲ್ಲಿಂದ ಶುರು ಮಾಡಲಿ?

ಕ್ಲಬ್ಬಿನ ಹೆಸರು ನೋಡಿ ಹುಡುಕಬೇಡಿ, ಖಾಲಿಯಾಗುವ ಜಾಗ ನೋಡಿ ಹುಡುಕಿ. ಮೈದಾನದ ಅಂಚಿನಲ್ಲಿ ಆಡುವ ವಿಂಗರ್ ಆದವನು ಎಡಕ್ಕಾದರೂ ಬಲಕ್ಕಾದರೂ ಆಡುತ್ತಾನೆ, ಕೊನೆಯ 20 ನಿಮಿಷಕ್ಕಾದರೂ ಒಳಗೆ ಬರುತ್ತಾನೆ. ಗೋಲ್‌ಕೀಪರ್‌ಗೆ ಆ ಸವಲತ್ತು ಇಲ್ಲ. ಒಬ್ಬ ಕದಲಿದರೆ ಮಾತ್ರ ಇನ್ನೊಬ್ಬನಿಗೆ ಜಾಗ.

ಉದಾಹರಣೆಗೆ, ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಜ್ 2010ರಲ್ಲಿ ಇಂಗ್ಲೆಂಡಿನ ಅರ್ಸೆನಲ್ ಸೇರಿದವರು. ಹತ್ತು ವರ್ಷದಲ್ಲಿ ಆರು ಕ್ಲಬ್ಬುಗಳಿಗೆ ಲೋನ್ ಮೇಲೆ (ಕರಾರು ಮೂಲ ಕ್ಲಬ್ಬಿನಲ್ಲೇ ಇದ್ದು, ತಾತ್ಕಾಲಿಕವಾಗಿ) ಹೋಗಿ ಬಂದರು. 2020ರ ಜೂನ್‌ನಲ್ಲಿ ಮೊದಲ ಗೋಲ್‌ಕೀಪರ್ ಬರ್ನ್ಡ್ ಲೆನೊ ಗಾಯಗೊಂಡಾಗ ಗೋಲಿಗೆ ನಿಂತು ಎಫ್‌ಎ ಕಪ್ ಗೆದ್ದರು. ಲೆನೊ ಚೇತರಿಸಿಕೊಂಡ ಮೇಲೆ ಮತ್ತೆ ಬೆಂಚಿಗೆ ಮರಳಲು ಒಪ್ಪದೆ ಸೆಪ್ಟೆಂಬರ್‌ನಲ್ಲಿ ಆಸ್ಟನ್ ವಿಲ್ಲಾಗೆ ಹೊರಟರು. ಅಲ್ಲಿ ಮೊದಲ ಗೋಲ್‌ಕೀಪರ್ ಟಾಮ್ ಹೀಟನ್ ವರ್ಷದ ಆರಂಭದಿಂದಲೂ ಮೊಣಕಾಲಿನ ಗಾಯದಿಂದ ಹೊರಗಿದ್ದರು. ಮಾರ್ಟಿನೆಜ್ ಮೊದಲ ಪಂದ್ಯದಲ್ಲೇ ಪೆನಾಲ್ಟಿ ತಡೆದರು, ಎರಡು ವರ್ಷದ ನಂತರ ವಿಶ್ವಕಪ್ ಗೆದ್ದರು. ಕೈಚಳಕ ಮೊದಲಿಂದಲೂ ಇತ್ತು, ಜಾಗ ತೆರೆದದ್ದು ಆಗ. 2025ರಲ್ಲಿ ಕ್ವೀವೀನ್ ಕೆಲೆಹರ್ ಲಿವರ್‌ಪೂಲ್ ಬಿಟ್ಟು ಬ್ರೆಂಟ್‌ಫರ್ಡ್ ಸೇರಿದ್ದೂ ಹೀಗೆಯೇ. ಅಲ್ಲಿನ ಮೊದಲ ಗೋಲ್‌ಕೀಪರ್ ಮಾರ್ಕ್ ಫ್ಲೆಕ್ಕನ್ ಲೆವರ್‌ಕುಸನ್‌ಗೆ ಹೊರಟಿದ್ದರು.

ಹಾಗಾಗಿ ಮೊದಲ ಕೆಲಸ ಒಂದು ಪಟ್ಟಿ. ನಿಮ್ಮ ಮಟ್ಟದ ಮತ್ತು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್‌ಗಳಿಂದ 20-25 ಕ್ಲಬ್ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಮೊದಲ ಗೋಲ್‌ಕೀಪರ್‌ನ ವಯಸ್ಸು, ಕರಾರು ಮುಗಿಯುವ ತಿಂಗಳು, ಗಾಯದ ಚರಿತ್ರೆ, ಮೇಲಿನ ಕ್ಲಬ್ಬುಗಳು ಅವನ ಮೇಲೆ ಕಣ್ಣಿಟ್ಟಿವೆಯೇ ಎಂಬುದು ಇರಲಿ. ಕ್ಲಬ್ಬಿನದೇ ಯುವ ತಂಡದಲ್ಲಿ 19-20ರ ಭರವಸೆಯ ಹುಡುಗ ಇದ್ದಾನೆಯೇ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಅಂಥ ಕಡೆ ನೀವು ಒಂದು ಸೀಸನ್ನಿನ ಮಟ್ಟಿಗೆ ಮಾತ್ರ ಬೇಕಾದವರು. ತಂಡದ ಆಟದ ರೀತಿಯನ್ನೂ ಬರೆದುಕೊಳ್ಳಿ. ರಕ್ಷಣಾ ಸಾಲು ಮುಂದಕ್ಕೆ ನಿಲ್ಲುವ ತಂಡದ ಗೋಲ್‌ಕೀಪರ್ ಪೆನಾಲ್ಟಿ ಬಾಕ್ಸಿನ ಆಚೆ ಓಡಿ ಬಂದು ಚೆಂಡು ತೆಗೆಯಬೇಕು. ಗೆರೆಯ ಮೇಲೆ ನಿಂತು ಹೊಡೆತ ತಡೆಯುವುದೇ ನಿಮ್ಮ ಶಕ್ತಿಯಾದರೆ ಅಲ್ಲಿ ಆರನೇ ಪಂದ್ಯಕ್ಕೆ ಬೆಂಚು ಖಾತ್ರಿ. ಇಷ್ಟೆಲ್ಲ ಜಾಲಾಡಿದ ಮೇಲೆ 25ರಲ್ಲಿ ನಾಲ್ಕೈದು ಕ್ಲಬ್ ಉಳಿಯುತ್ತವೆ. ಅಷ್ಟು ಸಾಕು.

ಎರಡನೆಯದು ನಿಮ್ಮದೇ ಕ್ಲಬ್ಬಿನೊಂದಿಗೆ ಮಾತು. ವಿಂಡೋ (ಆಟಗಾರರ ವರ್ಗಾವಣೆಗೆ ಅವಕಾಶವಿರುವ ಅವಧಿ) ತೆರೆಯುವುದಕ್ಕೆ ಎರಡು-ಮೂರು ತಿಂಗಳು ಮೊದಲೇ ಮಾತಾಡಬೇಕು. ಎರಡನೇ ಗೋಲ್‌ಕೀಪರನ್ನು ಬಿಟ್ಟುಕೊಡಬೇಕಾದರೆ ಕ್ಲಬ್ಬಿಗೆ ಇನ್ನೊಬ್ಬ ಬೇಕು, ಹುಡುಕಲು ಸಮಯ ಬೇಕು. ವಿಂಡೋದ ಕೊನೇ ವಾರ ಕೇಳಿದರೆ ‘ಇಲ್ಲ’ ಎಂಬುದೇ ಉತ್ತರ, ಅದರಲ್ಲಿ ದ್ವೇಷ ಹುಡುಕಬೇಡಿ. ಮೊದಲು ಗೋಲ್‌ಕೀಪಿಂಗ್ ಕೋಚ್, ನಂತರ ಮುಖ್ಯ ಕೋಚ್, ಆಮೇಲೆ ಆಡಳಿತ, ಈ ಕ್ರಮ ತಪ್ಪಿಸಬೇಡಿ. ಕೇಳಬೇಕಾದ್ದು ಮೂರು: ಮುಂದಿನ ಸೀಸನ್‌ನಲ್ಲಿ ನನ್ನ ಸ್ಥಾನ ಏನು, ಎಷ್ಟು ಹಣ ಬಂದರೆ ಬಿಡುತ್ತೀರಿ, ಲೋನ್‌ಗೆ ಒಪ್ಪಿಗೆ ಇದೆಯೇ. ಉತ್ತರ ಏನೇ ಬರಲಿ, ತರಬೇತಿ ತಪ್ಪಿಸಬೇಡಿ. ಹೊಸ ಕ್ಲಬ್ ಸಹಿ ಮಾಡುವ ಮೊದಲು ಹಳೆಯ ಗೋಲ್‌ಕೀಪಿಂಗ್ ಕೋಚ್‌ಗೆ ಫೋನ್ ಮಾಡಿಯೇ ಮಾಡುತ್ತದೆ.

ಇನ್ನೊಂದು ಅಡ್ಡಿ ಮೊದಲೇ ತಿಳಿದಿರಲಿ. ಯುಯೆಫಾ (ಯುರೋಪಿನ ಫುಟ್‌ಬಾಲ್ ಒಕ್ಕೂಟ) ಟೂರ್ನಿಗಳ 25 ಜನರ ಪಟ್ಟಿಯಲ್ಲಿ ಕನಿಷ್ಠ ಇಬ್ಬರು ಗೋಲ್‌ಕೀಪರ್ ಇರಬೇಕು, ಎಂಟು ಜಾಗ ಸ್ಥಳೀಯವಾಗಿ ತರಬೇತಾದವರಿಗೆ ಮೀಸಲು. ನೀವು ಆ ಎಂಟರಲ್ಲಿ ಒಬ್ಬರಾಗಿದ್ದರೆ, ಆಡದೆಯೂ ಕ್ಲಬ್ಬಿಗೆ ಉಪಯೋಗಕ್ಕೆ ಬರುತ್ತಿದ್ದೀರಿ. ಬಿಡಲು ಅದು ಹಿಂಜರಿಯುವ ನಿಜವಾದ ಕಾರಣ ಇದೇ ಇರಬಹುದು.

ಕರಾರಿನ ಲೆಕ್ಕಕ್ಕೆ ಬರೋಣ. ಫಿಫಾ ನಿಯಮದಂತೆ, ಬೇರೆ ಕ್ಲಬ್ ನಿಮ್ಮೊಂದಿಗೆ ಮಾತಿಗಿಳಿಯುವ ಮೊದಲು ನಿಮ್ಮ ಕ್ಲಬ್ಬಿಗೆ ಲಿಖಿತವಾಗಿ ತಿಳಿಸಬೇಕು. ಕರಾರು ಮುಗಿಯಲು ಆರು ತಿಂಗಳೋ ಅದಕ್ಕಿಂತ ಕಡಿಮೆಯೋ ಇದ್ದಾಗ ಮಾತ್ರ ನೀವು ಮುಂದಿನ ಕ್ಲಬ್ಬಿನೊಂದಿಗೆ ಸ್ವತಂತ್ರವಾಗಿ ಸಹಿ ಹಾಕಬಹುದು. ಇನ್ನು 12 ತಿಂಗಳಿಗೆ ನೀವು ಆ ಗಡಿ ಮುಟ್ಟುತ್ತೀರಿ, ಅದಾದ ಮೇಲೆ ನಿಮ್ಮನ್ನು ಮಾರಿ ಹಣ ಮಾಡುವ ಅವಕಾಶ ಕ್ಲಬ್ಬಿನ ಕೈ ಜಾರತೊಡಗುತ್ತದೆ. ಆದ್ದರಿಂದ ಮಾತಾಡಲು ಈಗಿನಷ್ಟು ಒಳ್ಳೆಯ ಕಾಲ ಇಲ್ಲ. ಈ ನಡುವೆ ‘ಎರಡು ವರ್ಷ ವಿಸ್ತರಿಸಿ, ಆಮೇಲೆ ನೋಡೋಣ’ ಎಂಬ ಪ್ರಸ್ತಾಪ ಬಂದರೆ, ಬಿಡುಗಡೆ ಮೊತ್ತವನ್ನು (ಇಷ್ಟು ಕೊಟ್ಟರೆ ಬಿಡಬೇಕೆಂಬ ಹಣ) ಅಂಕಿಯಲ್ಲಿ ಬರೆಸದೆ ಪೆನ್ನು ಎತ್ತಬೇಡಿ.

ಪ್ರಶ್ನೆ: ಆಡಿದ್ದೇ ಐದು ಪಂದ್ಯ. ಬೇರೆ ಕ್ಲಬ್ಬುಗಳಿಗೆ ಏನು ಕಳಿಸಲಿ? ಸೇವ್ ಪ್ರಮಾಣ (ಗುರಿಯತ್ತ ಬಂದ ಹೊಡೆತಗಳಲ್ಲಿ ತಡೆದದ್ದು) ಶೇ. 80 ಇದೆ, ಅದನ್ನೇ ಮುಂದಿಡಲೇ?

ಬೇಡ. ಐದು ಪಂದ್ಯದಲ್ಲಿ ಗುರಿಯತ್ತ ಬಂದ ಹೊಡೆತ 20 ಎಂದಿಟ್ಟುಕೊಳ್ಳಿ. ಅದರಲ್ಲಿ ಎರಡು ಆಚೀಚೆ ಆದರೆ ಶೇ. 80 ಇದ್ದದ್ದು 70 ಆಗುತ್ತದೆ. ಅಂಕಿ ಅಂಶ ವಿಭಾಗದವರು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ವಿಡಿಯೋ ಕಳಿಸಿ. ಕತ್ತರಿಸದ ಪೂರ್ತಿ 90 ನಿಮಿಷದ ಎರಡು ಪಂದ್ಯ, ಜೊತೆಗೆ ನಾಲ್ಕೈದು ನಿಮಿಷದ ತುಣುಕು. ತುಣುಕನ್ನು ಹಾರಿ ತಡೆದ ದೃಶ್ಯಗಳಿಂದ ತುಂಬಬೇಡಿ, ಅಂಥವು ಎಲ್ಲರ ಬಳಿಯೂ ಇರುತ್ತವೆ. ಜನಜಂಗುಳಿಯ ನಡುವೆ ಹೊರಬಂದು ಹಿಡಿದ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಬರುವ ಚೆಂಡು), ಎದುರಾಳಿ ಒಬ್ಬನೇ ನುಗ್ಗಿ ಬಂದಾಗ ನೀವು ನಿಂತ ಜಾಗ, ಒತ್ತಡದಲ್ಲಿ ಎಡಗಾಲಿನಿಂದ ಕೊಟ್ಟ ಪಾಸ್, ಇವು ಮೊದಲು ಬರಲಿ. ಬಿಟ್ಟ ಗೋಲುಗಳನ್ನೂ ಸೇರಿಸಿ. ನೋಡುವವರು ಹೇಗೂ ಹುಡುಕುತ್ತಾರೆ. ಗೋಲಿನ ಹಿಂಬದಿಯಿಂದ ತೆಗೆದ ದೃಶ್ಯವಿದ್ದರೆ ಬಹಳ ಒಳ್ಳೆಯದು, ಹೊಡೆತಕ್ಕೆ ಮೊದಲು ಪಾದ ಎಲ್ಲಿತ್ತು ಎಂಬುದು ಅಲ್ಲಿಂದಲೇ ಸ್ಪಷ್ಟ. ಪ್ರತಿ ದೃಶ್ಯದ ಮೇಲೆ ದಿನಾಂಕ, ಎದುರಾಳಿ, ಪಂದ್ಯದ ಮಟ್ಟ ಇರಲಿ. ಹಿನ್ನೆಲೆ ಸಂಗೀತ ತೆಗೆದುಬಿಡಿ. ನೀವು ರಕ್ಷಕರಿಗೆ ಕೂಗಿ ಹೇಳುವ ದನಿ ಕೇಳಿಸಬೇಕು.

ಪಂದ್ಯ ಇನ್ನೂ ಬೇಕೆಂದರೆ ಮೀಸಲು ತಂಡದಲ್ಲಿ ಆಡಿಸಿ ಎಂದು ನೀವೇ ಕೇಳಿ, ಅದರಲ್ಲಿ ಅವಮಾನವೇನಿಲ್ಲ. ಕ್ರಾಸ್‌ಗೆ ಹೊರಬರುವ ನಿರ್ಧಾರ ಮಂದವಾಗುವುದು ಪಂದ್ಯವಿಲ್ಲದೆ. ತರಬೇತಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರಿಲ್ಲದೆ ನೂರು ಕ್ರಾಸ್ ಹಿಡಿದರೂ ಅದು ಮರಳುವುದಿಲ್ಲ.

ಪ್ರಶ್ನೆ: ಸೀಸನ್ ಪೂರ್ತಿ ಆಡಿಸದಿದ್ದರೆ ಕರಾರು ಮುರಿಯಬಹುದು ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಅರ್ಧ ನಿಜ. ಫಿಫಾ ನಿಯಮದಲ್ಲಿ ಅಂಥ ಅವಕಾಶ ಇದೆ. ತರಬೇತಿಯ ಹಂತ ಮುಗಿಸಿದ ವೃತ್ತಿಪರ ಆಟಗಾರ ಒಂದು ಸೀಸನ್‌ನಲ್ಲಿ ಕ್ಲಬ್ಬಿನ ಅಧಿಕೃತ ಪಂದ್ಯಗಳ ಶೇ. 10ಕ್ಕಿಂತ ಕಡಿಮೆ ಪಂದ್ಯಗಳಲ್ಲಿ ಕಣಕ್ಕಿಳಿದಿದ್ದರೆ ಈ ಕಾರಣ ಮುಂದಿಡಬಹುದು. 46 ಪಂದ್ಯದಲ್ಲಿ ನಾಲ್ಕು ಆಡಿದ್ದರೆ ಲೆಕ್ಕ ಕೂಡುತ್ತದೆ, ಐದಾದರೆ ಇಲ್ಲ. ಕ್ಲಬ್ಬಿನ ಕೊನೆಯ ಅಧಿಕೃತ ಪಂದ್ಯವಾದ 15 ದಿನದೊಳಗೆ ಕರಾರು ಮುರಿಯಬೇಕು. ಆಟದಿಂದ ನಿಷೇಧ ಬೀಳುವುದಿಲ್ಲ, ಆದರೆ ಪರಿಹಾರ ಹಣ ಕಟ್ಟಬೇಕಾಗಿ ಬರಬಹುದು.

ಗೋಲ್‌ಕೀಪರ್‌ಗೆ ತೊಡಕಿರುವುದು ಇಲ್ಲಿ: ಪ್ರತಿ ಪ್ರಕರಣದಲ್ಲೂ ಆಟಗಾರನ ಪರಿಸ್ಥಿತಿಯನ್ನು ಗಮನಿಸಬೇಕೆಂದು ನಿಯಮವೇ ಹೇಳುತ್ತದೆ. ‘ಎರಡನೇ ಗೋಲ್‌ಕೀಪರ್ ಎಂದು ತಿಳಿದೇ ಸಹಿ ಹಾಕಿದ್ದ, ಆ ಸ್ಥಾನದ ಸ್ವಭಾವವೇ ಕಾಯುವುದು’ ಎಂದು ಕ್ಲಬ್ ವಾದಿಸುತ್ತದೆ, ಆ ವಾದಕ್ಕೆ ತೂಕವಿದೆ. ಕ್ರೀಡಾ ವಕೀಲರಿಗೆ ಕರಾರು ತೋರಿಸದೆ ಈ ದಾರಿ ತುಳಿಯಬೇಡಿ.

ಪ್ರಶ್ನೆ: ಲೋನ್ ಒಳ್ಳೆಯದೋ, ಪೂರ್ಣ ವರ್ಗಾವಣೆಯೋ? ಒಂದು ಕ್ಲಬ್ಬಿನ ಕೋಚ್ ‘ನೀನೇ ನನ್ನ ಮೊದಲ ಗೋಲ್‌ಕೀಪರ್’ ಎಂದು ಮಾತು ಕೊಟ್ಟಿದ್ದಾರೆ. ಕರಾರಿನಲ್ಲಿ ಬರೆಸಬಹುದೇ?

22ರ ಒಳಗಿದ್ದರೆ ಲೋನ್, 25 ದಾಟಿದ್ದರೆ ವರ್ಗಾವಣೆ, ಇದು ನಮ್ಮ ಅಭಿಪ್ರಾಯ. ಲೋನ್ ಮೇಲೆ ಬಂದವನನ್ನು ಆಡಿಸಿ ಬೆಳೆಸಿದರೆ ಲಾಭ ಬೇರೆಯವರಿಗೆ. ಹೀಗಾಗಿ ಇಬ್ಬರೂ ಸಮಸಮ ಎನಿಸಿದಾಗ ಕೋಚ್ ತನ್ನ ಕ್ಲಬ್ಬಿನವನನ್ನೇ ಆರಿಸುತ್ತಾನೆ. ಅಂತರರಾಷ್ಟ್ರೀಯ ಲೋನ್ ಹೆಚ್ಚೆಂದರೆ ಒಂದು ವರ್ಷ, ಅಲ್ಲಿಂದ ಮೂರನೇ ಕ್ಲಬ್ಬಿಗೆ ಮರುಲೋನ್ ಕೊಡುವಂತಿಲ್ಲ. ಲೋನ್‌ಗೇ ಹೋಗುವುದಾದರೆ ಎರಡು ಷರತ್ತು ಕೇಳಿ. ಒಂದು, ನೀವು ಆಡಿದಷ್ಟೂ ಲೋನ್ ಶುಲ್ಕ ಇಳಿಯಬೇಕು, ಆಗ ನಿಮ್ಮನ್ನು ಕೂರಿಸಿದರೆ ಆ ಕ್ಲಬ್ಬಿಗೇ ನಷ್ಟ. ಎರಡು, ಆಡಿಸದಿದ್ದರೆ ಮುಂದಿನ ವಿಂಡೋದಲ್ಲಿ ಮರಳಿ ಕರೆಸಿಕೊಳ್ಳುವ ಹಕ್ಕು.

ಇಲ್ಲೊಂದು ಬಲೆ ಇದೆ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್ಬಿಗೆ ನೋಂದಾಯಿಸಿಕೊಳ್ಳಬಹುದು, ಆದರೆ ಅಧಿಕೃತ ಪಂದ್ಯ ಆಡಬಹುದಾದ್ದು ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಸೀಸನ್ ಆರಂಭದಲ್ಲಿ ಆಡಿದ ಒಂದೇ ಒಂದು ಕಪ್ ಪಂದ್ಯವೂ ಈ ಲೆಕ್ಕಕ್ಕೆ ಬರುತ್ತದೆ. ಮೊದಲ ಲೋನ್ ಕೆಟ್ಟರೆ ಇನ್ನೊಂದಕ್ಕೆ ಹಾರಬಹುದು ಎಂಬ ಯೋಚನೆ ಇಲ್ಲಿ ಮುರಿದು ಬೀಳುತ್ತದೆ.

ಕೋಚ್ ಮಾತಿನ ವಿಷಯ: ಆಡಿಸುತ್ತೇವೆಂದು ಯಾವ ಕ್ಲಬ್ಬೂ ಬರೆದುಕೊಡುವುದಿಲ್ಲ. ಕೋಚ್ ಬದಲಾದ ದಿನ ಆ ಮಾತಿಗೆ ಬೆಲೆಯೂ ಇರುವುದಿಲ್ಲ. ಮಾತಿನ ಬದಲು ಹಣದ ಹರಿವು ನೋಡಿ. ವರ್ಗಾವಣೆ ಶುಲ್ಕ ಕೊಟ್ಟು ನಾಲ್ಕು ವರ್ಷದ ಕರಾರು ಕೊಡುವವರು ಆಡಿಸುವ ಮನಸ್ಸಿನವರು. ಪಂದ್ಯದ ಲೆಕ್ಕದ ಬೋನಸ್, ತಂಡ ಕೆಳ ಲೀಗ್‌ಗೆ ಇಳಿದರೆ ನಿಗದಿತ ಮೊತ್ತಕ್ಕೆ ಬಿಡುಗಡೆ, ಇವೆರಡನ್ನು ಬರೆಸಿ. ಎರಡನೆಯದು ಬಹಳ ಮುಖ್ಯ. ಗೋಲ್‌ಕೀಪರ್‌ಗಳು ಆಡುವ ಆಸೆಗೆ ಹೋಗಿ ಸೇರುವುದು ಹೆಚ್ಚಾಗಿ ದುರ್ಬಲ ತಂಡಗಳನ್ನೇ. ಅರ್ಸೆನಲ್‌ನಲ್ಲಿ ಸ್ಥಾನ ಕಳೆದುಕೊಂಡ ಆರನ್ ರ‍್ಯಾಮ್ಸ್‌ಡೇಲ್ 2024ರಲ್ಲಿ ಸೌತಾಂಪ್ಟನ್ ಸೇರಿದರು, ಆಟವೇನೋ ಸಿಕ್ಕಿತು, ಆದರೆ ತಂಡ ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿಳಿಯಿತು. ಮರುವರ್ಷ ಅವರು ಲೋನ್ ಮೇಲೆ ನ್ಯೂಕ್ಯಾಸಲ್‌ಗೆ ಹೋಗಬೇಕಾಯಿತು.

ಹೋಗದೆ ಕಾಯುವುದೂ ಕೆಲವೊಮ್ಮೆ ಸರಿ, ಆದರೆ ಕಾಯುವುದಕ್ಕೆ ಕೊನೆ ಕಾಣುತ್ತಿರಬೇಕು. ವೊಯ್ಚೆಖ್ ಶ್ಚೆನ್ಸ್ನಿ 2017ರಲ್ಲಿ ಯುವೆಂಟಸ್ ಸೇರಿದಾಗ ಅಲ್ಲಿನ ಮೊದಲ ಗೋಲ್‌ಕೀಪರ್ ಬುಫಾನ್‌ಗೆ 39 ವರ್ಷ. ಮರುವರ್ಷ ಬುಫಾನ್ ಹೊರಟರು, ಶ್ಚೆನ್ಸ್ನಿ ಮೊದಲಿಗರಾದರು. ನಿಮ್ಮ ಮುಂದಿರುವವನಿಗೆ 27 ವರ್ಷ, ಗಾಯವಿಲ್ಲ, ಹೊಸ ಕರಾರು ಎಂದಾದರೆ ಆ ಲೆಕ್ಕ ನಿಮಗಲ್ಲ.

ಪ್ರಶ್ನೆ: ಸಹಿ ಆಯಿತು, ಮೂರು ವಾರದಲ್ಲಿ ಮೊದಲ ಪಂದ್ಯ. ವೈದ್ಯಕೀಯ ಪರೀಕ್ಷೆಯಲ್ಲಿ ತೊಂದರೆ ಕಂಡರೆ ಕರಾರು ರದ್ದಾಗುತ್ತದೆಯೇ? ಈ ಮೂರು ವಾರ ಏನು ಮಾಡಲಿ?

ರದ್ದಾಗುವುದಿಲ್ಲ. ಸಹಿ ಹಾಕಿದ ಕರಾರಿನ ಸಿಂಧುತ್ವವನ್ನು ವೈದ್ಯಕೀಯ ಪರೀಕ್ಷೆಗೆ ಕಟ್ಟಿಹಾಕುವಂತಿಲ್ಲ ಎಂದು ಫಿಫಾ ನಿಯಮ ಹೇಳುತ್ತದೆ. ಪರೀಕ್ಷೆ ಬೇಕಿದ್ದರೆ ಕ್ಲಬ್ ಅದನ್ನು ಸಹಿಗೆ ಮೊದಲೇ ಮಾಡಿಸಿರಬೇಕು.

ಮೊದಲ ವಾರ ರಕ್ಷಕರ ಮಾತು ಕಲಿಯಿರಿ. ಬೇರೆ ಭಾಷೆಯ ತಂಡವಾದರೆ ‘ನನ್ನದು’, ‘ಆಚೆ ಹೊಡಿ’, ‘ಹಿಂದೆ ಆಳು’, ‘ಸಾಲು ಮುಂದೆ’ ಮೊದಲಾದ ಹದಿನೈದು-ಇಪ್ಪತ್ತು ಕೂಗುಗಳು ನಾಲಿಗೆಯ ತುದಿಯಲ್ಲಿರಬೇಕು. ಹೊಸ ಗೋಲ್‌ಕೀಪರ್ ಬಿಡುವ ಎಷ್ಟೋ ಗೋಲಿಗೆ ಕೈ ಕಾರಣವಲ್ಲ, ತಡವಾಗಿ ಬಂದ ಕೂಗು ಕಾರಣ.

ಎರಡನೇ ವಾರ ಕಾರ್ನರ್ ಕಿಕ್ ತಡೆಯುವ ಅಭ್ಯಾಸ. ತಂಡ ಜಾಗ ಕಾಯುತ್ತದೆಯೋ, ಒಬ್ಬೊಬ್ಬರನ್ನು ಹಿಡಿಯುತ್ತದೆಯೋ, ಹತ್ತಿರದ ಕಂಬಕ್ಕೆ ಯಾರು ಎಂಬುದನ್ನು ಕೇಳಿ ತಿಳಿಯಿರಿ. ದಿನಕ್ಕೆ 30-40 ಕ್ರಾಸ್ ಸಾಕು, ಪ್ರತಿ ಸಲವೂ ಮುಂದೆ ನಾಲ್ಕೈದು ಜನ ಒತ್ತಿಕೊಂಡು ನಿಂತಿರಲಿ.

ಮೂರನೇ ವಾರ ಪೂರ್ತಿ ಹನ್ನೊಂದರ ಆಟ, ಗಡಿಯಾರ ಇಟ್ಟುಕೊಂಡು. 2025ರ ಜುಲೈನಿಂದ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಎಣಿಸುತ್ತಾರೆ. ಬಹಳ ದಿನ ಪಂದ್ಯವಾಡದವರು ಚೆಂಡು ಹಿಡಿದ ಮೇಲೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರೆ, ಆ ಅಭ್ಯಾಸ ಈಗ ದುಬಾರಿ. ಚೆಂಡು ಕೈಗೆ ಬರುವ ಮುನ್ನವೇ ಎರಡು ಪಾಸಿನ ದಾರಿ ನೋಡಿಟ್ಟುಕೊಳ್ಳಿ. ಎರಡೂ ಮುಚ್ಚಿದ್ದರೆ ಆರನೇ ಸೆಕೆಂಡಿಗೆ ಉದ್ದಕ್ಕೆ ಒದ್ದುಬಿಡಿ.