ಬೀಗದ ಕೈ ಯಾರ ಹತ್ತಿರ?

ಓದುಗರ ಪ್ರಶ್ನೆ: ಕೂಡಿ ದುಡಿಯುವ ಜಾಗಗಳು

ಪ್ರಶ್ನೆ: ನಾವು ಎಂಟು ಜನ ಕನ್ನಡಿಗರು ಸೇರಿ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 900 ಚದರಡಿಯ ಗಾಳಾ (ಶೆಡ್ಡಿನಂಥ ಮಳಿಗೆ) ಬಾಡಿಗೆಗೆ ಹಿಡಿದಿದ್ದೇವೆ. ಮರಗೆಲಸ, ಎಲೆಕ್ಟ್ರಾನಿಕ್ಸ್ ಎರಡೂ ನಡೆಯಬೇಕು. ಸಾಮಾನೆಲ್ಲ ಎಲ್ಲರದು, ಯಾರೂ ಮಾಲೀಕರಲ್ಲ ಎಂಬುದು ನಮ್ಮ ಒಪ್ಪಂದ. ಒಳಗೆ ಏನನ್ನು ಎಲ್ಲಿಡಬೇಕು?
– ಓದುಗರು, ಪುಣೆ

ಉತ್ತರ: ಮೊದಲು ಬೀಗದ ವಿಷಯ ತೀರ್ಮಾನಿಸಿಕೊಳ್ಳಿ. ಸಾಮಾನು ಕಪಾಟಿನೊಳಗೆ ಸೇರಿ ಕೀಲಿಕೈ ಒಬ್ಬರ ಜೇಬಿನಲ್ಲಿ ಉಳಿದರೆ, ಒಪ್ಪಂದದಲ್ಲಿ ಏನೇ ಬರೆದಿರಲಿ, ಅವರೇ ಮಾಲೀಕರು. ಉಳಿದ ಏಳು ಜನ ಕೇಳಿ ಪಡೆಯುವವರಾಗುತ್ತೀರಿ. ಕೈಸಾಮಾನುಗಳನ್ನು ಗೋಡೆಯ ಮೇಲೆ ತೆರೆದಿಡಿ: 18 ಮಿ.ಮೀ. ಪ್ಲೈವುಡ್ ಹಲಗೆ, ಕೊಕ್ಕೆಗಳು, ಪ್ರತಿ ಸಾಮಾನಿನ ಸುತ್ತ ಮಾರ್ಕರ್‌ನಲ್ಲಿ ಅದರ ಆಕಾರ. ಉಳಿ ವಾಪಸ್ ಬಂದಿಲ್ಲವೆಂದು ಆ ಖಾಲಿ ಆಕಾರವೇ ಹೇಳುತ್ತದೆ, ಯಾರೂ ಯಾರನ್ನೂ ಕಾಯಬೇಕಿಲ್ಲ. ಕೊಕ್ಕೆಗಳು ನೆಲದಿಂದ 150 ಸೆಂ.ಮೀ. ದಾಟದಿರಲಿ, ಎತ್ತರದವರಿಗಷ್ಟೇ ಎಟುಕುವ ಸಾಮಾನು ಎಲ್ಲರದಲ್ಲ. ಬೀಗ ಟೇಬಲ್ ಸಾ ಯಂತ್ರಕ್ಕೆ (ಮೇಜಿಗೆ ಕೂರಿಸಿದ ವಿದ್ಯುತ್ ಗರಗಸ) ಮಾತ್ರ ಸಾಕು. ಅದೂ ನಂಬರ್ ಬೀಗ, ಯಂತ್ರ ನಡೆಸಲು ಕಲಿತ ಪ್ರತಿಯೊಬ್ಬರಿಗೂ ಆ ನಂಬರ್ ಗೊತ್ತಿರಬೇಕು.

ಜಾಗ ಹೆಚ್ಚು ತಿನ್ನುವುದೂ ಅದೇ ಯಂತ್ರ. 8×4 ಅಡಿಯ ಪ್ಲೈವುಡ್ ಹಾಳೆ ಸೀಳಲು ಬ್ಲೇಡಿನ ಹಿಂದೆ 8 ಅಡಿ, ಮುಂದೆ 8 ಅಡಿ ತೆರವು ಬೇಕು. ಯಂತ್ರವನ್ನು ಶಟರಿಗೆ ನೇರವಾಗಿ ನಿಲ್ಲಿಸಿದರೆ ಹಾಳೆ ಬಾಗಿಲಾಚೆ ಚಾಚಿಕೊಂಡು ಒಳಗಿನ ಜಾಗ ಉಳಿಯುತ್ತದೆ. ಸೀಳುವಾಗ ಹೊರಗೊಬ್ಬರು ನಿಂತು ಓಡಾಟ ತಡೆಯಬೇಕು, ಅಷ್ಟೆ. ಎಲೆಕ್ಟ್ರಾನಿಕ್ಸ್ ಹಿಂದಿನ ತುದಿಗಿರಲಿ. ನಡುವಿನ ಗೋಡೆ ಏಳಡಿಗೆ ನಿಲ್ಲದೆ ಛಾವಣಿ ಮುಟ್ಟಬೇಕು. ಇಲ್ಲವಾದರೆ ಮೇಲಿಂದ ದಾಟಿದ ಮರದ ಧೂಳು ಮಳೆಗಾಲದಲ್ಲಿ ತೇವ ಹೀರಿ ಸರ್ಕ್ಯೂಟುಗಳನ್ನು ಕೆಡಿಸುತ್ತದೆ. ಮೇಜಿನ ಎತ್ತರವೂ ಒಂದೇ ಆಗಬಾರದು: ಕೂತು ಸೋಲ್ಡರಿಂಗ್ ಮಾಡಲು 75 ಸೆಂ.ಮೀ., ನಿಂತು ಮಾಡುವ ಕೆಲಸಕ್ಕೆ 90, ಹತ್ತರಿ ಹೊಡೆದು ಮರ ನಯ ಮಾಡಲು ಅದಕ್ಕಿಂತ ಸ್ವಲ್ಪ ಕಡಿಮೆ.

ದೀಪಕ್ಕೂ ಯಂತ್ರಕ್ಕೂ ಒಂದೇ ಎಂಸಿಬಿ (ಹೊರೆ ಹೆಚ್ಚಾದಾಗ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಬೇಡವೇ ಬೇಡ. ಯಾವುದೋ ಡ್ರಿಲ್ ಎಂಸಿಬಿ ಬೀಳಿಸಿದಾಗ, ಪಕ್ಕದ ಸಾ ಬ್ಲೇಡ್ ಇನ್ನೂ ತಿರುಗುತ್ತಿರುವಾಗಲೇ ಕತ್ತಲಾಗುತ್ತದೆ. ಪ್ಲಗ್ ಪಾಯಿಂಟುಗಳಿಗೆಲ್ಲ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಹಾಕಿಸಿ.

ಇಂಥ ಜಾಗಗಳು ಕೆಡುವುದು ಸಾಮಾನ್ಯವಾಗಿ ಅರ್ಧ ಮುಗಿದ ಕೆಲಸಗಳಿಂದ. ಅವನ್ನಿಡಲು ಜಾಗವಿಲ್ಲದಿದ್ದರೆ ಮೇಜಿನ ಮೇಲೇ ಉಳಿಯುತ್ತವೆ, ಮೊದಲು ಬಂದವರಿಗೆ ಮೇಜು ಸ್ವಂತವಾಗುತ್ತದೆ. ಎಂಟು ಜನಕ್ಕೂ ಒಂದೇ ಅಳತೆಯ ಪ್ಲಾಸ್ಟಿಕ್ ಕ್ರೇಟ್ ಕೊಡಿ, 60×40 ಸೆಂ.ಮೀ. ಸಾಕು. ಕ್ರೇಟಿಗೆ ಹಿಡಿಸದ್ದಕ್ಕೆ ಹೆಸರು, ತಾರೀಖಿನ ಚೀಟಿ ಅಂಟಿಸಲಿ.

ಆದರೆ ಮೇಜುಗಳನ್ನು ಕೊಳ್ಳಬೇಡಿ, ಎಂಟೂ ಜನ ಸೇರಿ ಮಾಡಿ. ಪುಣೆ ಜಿಲ್ಲೆಯ ಪಾಬಳದಲ್ಲಿ 1983ರಲ್ಲಿ ಡಾ. ಕಲಬಾಗ್ ಅವರು ಕಟ್ಟಿದ ವಿಜ್ಞಾನ ಆಶ್ರಮವನ್ನು ಒಮ್ಮೆ ನೋಡಿ ಬನ್ನಿ. ಮಾಡುತ್ತ ಕಲಿಯುವುದೇ ಅಲ್ಲಿನ ಪದ್ಧತಿ. ಗುಮ್ಮಟದಂಥ ಕಟ್ಟಡ ಕಟ್ಟುವುದೂ ಅಲ್ಲಿ ಪಾಠವೇ. ತಾನೇ ಮಾಡಿದ ಮೇಜು ಅಲುಗಿದರೆ ರಿಪೇರಿಗೆ ಯಾರನ್ನೂ ಕಾಯಬೇಕಿಲ್ಲ.

ಪ್ರಶ್ನೆ: ನಮ್ಮ ಕೋವರ್ಕಿಂಗ್ ಕಚೇರಿಯಲ್ಲಿ ಮುಕ್ತವಾಗಿ ಬೆರೆಯಲೆಂದು ಎಲ್ಲ ಪಾರ್ಟಿಶನ್ ತೆಗೆಸಿದೆವು. ಈಗ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ. ಏಕೆ?
– ಓದುಗರು, ಅಂಧೇರಿ, ಮುಂಬೈ

ಉತ್ತರ: ಪಕ್ಕದವರ ಫೋನ್ ಮಾತು ಸ್ಪಷ್ಟವಾಗಿ ಕೇಳುವಲ್ಲಿ ತಲೆ ಓಡುವುದಿಲ್ಲ, ಅದಕ್ಕೇ ಹೆಡ್‌ಫೋನ್. ಫೋನಿಗೆಂದೇ ಮೀಟರ್ ಉದ್ದ, ಮೀಟರ್ ಅಗಲದ ಗೂಡು ಮಾಡಿಸಿ, ಎಕ್ಸಾಸ್ಟ್ ಫ್ಯಾನ್ ಕಡ್ಡಾಯ. ಅದಿಲ್ಲದ ಗೂಡಿನಲ್ಲಿ ಮುಂಬೈ ಸೆಕೆಗೆ ಯಾರೂ ನಿಲ್ಲುವುದಿಲ್ಲ. ಮೀಟಿಂಗ್ ಕೋಣೆಯ ಗೋಡೆ ಫಾಲ್ಸ್ ಸೀಲಿಂಗಿಗೆ ನಿಂತಿದ್ದರೆ ಸ್ಲ್ಯಾಬ್‌ವರೆಗೆ ಏರಿಸಿ, ಮಾತು ಸೋರುವುದು ಅಲ್ಲಿಂದಲೇ.

ಪಾರ್ಟಿಶನ್ ಮೂಲತಃ ಕೆಟ್ಟದ್ದಲ್ಲ. ಅಮೆರಿಕದ ಪೀಠೋಪಕರಣ ಸಂಸ್ಥೆ ಹರ್ಮನ್ ಮಿಲ್ಲರ್‌ಗಾಗಿ ವಿನ್ಯಾಸಕಾರ ರಾಬರ್ಟ್ ಪ್ರಾಪ್ಸ್ಟ್ 1968ರಲ್ಲಿ ರೂಪಿಸಿದ ಹಲಗೆಗಳು 120 ಡಿಗ್ರಿಯಲ್ಲಿ ತೆರೆದುಕೊಳ್ಳುತ್ತಿದ್ದವು. ಹೆಚ್ಚು ಜನರನ್ನು ತುಂಬಲು ಕಂಪನಿಗಳು 90 ಡಿಗ್ರಿಗೆ ಮಡಚಿ ಪೆಟ್ಟಿಗೆ ಮಾಡಿದವು. ಇನ್ನೊಂದು ಮಾತು: ಗಾಳಿ ಬೆಳಕಿನ ಕಿಟಕಿಯ ಬದಿ ನಿಮ್ಮಲ್ಲಿ ಯಾರಿಗಿದೆ? ಮ್ಯಾನೇಜರ್ ಕ್ಯಾಬಿನ್‌ಗಾಗಿದ್ದರೆ ಅದನ್ನು ಊಟದ ಮೇಜಿಗೆ ಬಿಟ್ಟುಕೊಡಿ. ಜನ ಬೆರೆಯುವುದು ಅಲ್ಲಿ.

ಪ್ರಶ್ನೆ: ನಮ್ಮ ಕರಕುಶಲ ಗುಂಪಿಗೆ ಸಿಕ್ಕಿದ್ದು ಹಳೆಯ ಮನೆ. ಮಾಲೀಕರು ಗೋಡೆಗೆ ಮೊಳೆ ಹೊಡೆಯಲೂ ಬಿಡುವುದಿಲ್ಲ. ಏನು ಮಾಡೋಣ?
– ಓದುಗರು, ಮಡಗಾಂವ್, ಗೋವಾ

ಉತ್ತರ: ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ತಾತ್ಕಾಲಿಕವಾಗಿ ಎದ್ದ ಮರದ ‘ಬಿಲ್ಡಿಂಗ್ 20’ ಹೆಸರಾದದ್ದೇ ಸಂಶೋಧಕರು ಬೇಕೆಂದಲ್ಲಿ ಗೋಡೆ ಕೊರೆದು ತಂತಿ ಎಳೆಯಬಹುದಿತ್ತು ಎಂಬುದಕ್ಕೆ. ನಿಮಗೆ ಆ ಸ್ವಾತಂತ್ರ್ಯ ನೆಲದ ಮೇಲೆ ಮಾತ್ರ. ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ (ಉದ್ದಕ್ಕೂ ತೂತುಗಳಿರುವ ಲೋಹದ ಪಟ್ಟಿಗಳ ಕಪಾಟು) ತನ್ನ ಕಾಲ ಮೇಲೇ ನಿಲ್ಲುತ್ತದೆ, ನಟ್ ಬಿಚ್ಚಿ ಯಾರು ಬೇಕಾದರೂ ಬದಲಿಸಬಹುದು. ಗೋಡೆಯಿಂದ 15 ಸೆಂ.ಮೀ. ದೂರವಿಡಿ, ಗೋವಾದ ಮಳೆಗೆ ಗೋಡೆ ಒಸರುತ್ತದೆ. ಹಿಂಬದಿಗೆ ಅಡ್ಡಪಟ್ಟಿ ಕತ್ತರಿಯಾಕಾರದಲ್ಲಿ ಬಿಗಿಯಿರಿ, ಇಲ್ಲದಿದ್ದರೆ ರ‍್ಯಾಕ್ ವಾಲುತ್ತದೆ. ಭಾರದ ಸಾಮಾನು ಕೆಳಗಿನ ತಟ್ಟೆಯಲ್ಲಿರಲಿ. ಚಕ್ರ ಹಾಕಿಸುವುದಾದರೆ ನಾಲ್ಕಕ್ಕೂ ಬ್ರೇಕ್ ಇರಬೇಕು.