ಮೂಲನಿವಾಸಿ ತಾಯಂದಿರು ಮತ್ತು ಎದೆಹಾಲು: ತಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಆಸ್ಟ್ರೇಲಿಯಾದ ನಗರಗಳಲ್ಲಿ ಮೂಲನಿವಾಸಿ ತಾಯಂದಿರು ಬೇಗ ಎದೆಹಾಲು ಬಿಡಿಸುವುದಕ್ಕೆ ಅವರ ಸಂಸ್ಕೃತಿಯೇ ಕಾರಣವೇ ಎಂದು, ಈ ವಿಷಯದ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸುತ್ತಿರುವ ತಾವು ಕೇಳಿದ್ದೀರಿ. ಉತ್ತರ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆ. ಅವರ ಸಂಪ್ರದಾಯದಲ್ಲಿ ಮಗುವಿಗೆ ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಾಲೂಡಿಸುತ್ತಿದ್ದರು. ಆ ದೇಶದ ಉತ್ತರ ಭಾಗದ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ದೂರದ ವಸತಿಗಳಲ್ಲಿ ಆ ರೂಢಿ ಪರ್ತ್, ಸಿಡ್ನಿ ನಗರಗಳಿಗಿಂತ ಗಟ್ಟಿಯಾಗಿ ಉಳಿದಿದೆ.

ನಗರಗಳಲ್ಲಿ ಮೂಲನಿವಾಸಿ ತಾಯಂದಿರನ್ನು ಇತರ ತಾಯಂದಿರೊಡನೆ ಹೋಲಿಸುವುದನ್ನೂ ಎಚ್ಚರದಿಂದ ಮಾಡಬೇಕು. ಆ ದೇಶದಲ್ಲಿ ಯಾವ ಸಮುದಾಯದವರೇ ಆಗಲಿ, ಚಿಕ್ಕ ವಯಸ್ಸಿನ, ಕಡಿಮೆ ಓದಿದ, ಧೂಮಪಾನ ಮಾಡುವ, ಆದಾಯ ಸಾಲದ ತಾಯಂದಿರು ಬೇಗ ಬಾಟಲಿಗೆ ಹೊರಳುವುದು ಹೆಚ್ಚು. ಡಬ್ಬಿ ಹಾಲನ್ನು ಸ್ಥಿತಿವಂತರ ಮನೆಯ ವಸ್ತುವೆಂದು ಕಂಡ ನಮಗೆ ಇದು ತಲೆಕೆಳಗಾಗಿ ತೋರಬಹುದು. ಮೂಲನಿವಾಸಿಗಳಲ್ಲಿ ಇಂಥ ಸ್ಥಿತಿಯ ತಾಯಂದಿರ ಪಾಲು ದೊಡ್ಡದಾದ್ದರಿಂದ, ವಯಸ್ಸು, ಓದು, ಆದಾಯಗಳನ್ನು ಲೆಕ್ಕಕ್ಕೆ ಹಿಡಿಯದೆ ಎರಡು ಗುಂಪುಗಳ ಶೇಕಡಾವಾರನ್ನಷ್ಟೇ ಅಕ್ಕಪಕ್ಕ ಇಟ್ಟರೆ, ಬಡತನದ ಪರಿಣಾಮವೇ ಜನಾಂಗದ ಗುಣದಂತೆ ಕಾಣತೊಡಗುತ್ತದೆ.

ಇನ್ನೊಂದು ಸಂಗತಿ ಅಂಕಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಸುಮಾರು 1910ರಿಂದ 1970ರವರೆಗೆ ಸರಕಾರಗಳು ಅಲ್ಲಿ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡವು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು. ಹೀಗೆ ಕಿತ್ತುಕೊಂಡ ಮಕ್ಕಳನ್ನು ಇರಿಸುತ್ತಿದ್ದ ಕ್ರೈಸ್ತ ಮಿಷನ್ನಿನ ಸಾಲು ಮಂಚಗಳ ನಡುವೆ ಬೆಳೆದ ಹುಡುಗಿ, ಮುಂದೆ ಬಾಣಂತಿ ಮಗಳ ಪಕ್ಕ ಕುಳಿತಾಗ, ಕೂಸನ್ನು ಎದೆಗೆ ಹಿಡಿಸುವ ಬಗೆಯನ್ನು ತನ್ನ ತಾಯಿಯಿಂದ ಕಂಡವಳೇ ಅಲ್ಲ. ಆದ್ದರಿಂದ ತಮ್ಮ ಪ್ರಶ್ನಾವಳಿಯಲ್ಲಿ ತಾಯಿಯ ಓದಿನ ಜೊತೆಗೆ, ಅಜ್ಜಿ ಎಲ್ಲಿ ಬೆಳೆದಳು ಮತ್ತು ಮಗುವಿನ ತಂದೆಯ ಒಲವು ಎದೆಹಾಲಿನ ಕಡೆಗಿದೆಯೋ ಬಾಟಲಿಯ ಕಡೆಗಿದೆಯೋ ಎಂಬುದನ್ನೂ ದಯವಿಟ್ಟು ಸೇರಿಸಿ.