ತೂಕ ಏರದ ಮಗು, ತೆಳ್ಳನೆಯ ರಾಗಿ ಸರಿ

ಪ್ರಶ್ನೆ: ನನ್ನ ಮಗನಿಗೆ ಏಳು ತಿಂಗಳು ತುಂಬಿದೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಟ್ಟೆ. ಈಗ ದಿನಕ್ಕೆ ಎರಡು ಸಲ ರಾಗಿ ಸರಿಯನ್ನು ತೆಳ್ಳಗೆ ಕಾಯಿಸಿ ಬಾಟಲಿಯಲ್ಲಿ ಕುಡಿಸುತ್ತಿದ್ದೇನೆ. ಈ ತಿಂಗಳು ತೂಕ ಅಷ್ಟಾಗಿ ಏರಿಲ್ಲ ಎಂದು ಅಂಗನವಾಡಿಯಲ್ಲಿ ಹೇಳಿದರು. ವರ್ಷ ತುಂಬುವವರೆಗೆ ಬೇಳೆ, ಮೊಟ್ಟೆ ಕೊಟ್ಟರೆ ಅಜೀರ್ಣವಾಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಸರಿಗೆ ಜೇನುತುಪ್ಪ ಬೆರೆಸಬಹುದೇ?
— ಹೆಸರು ಬೇಡ, ತಿಪಟೂರು

ಉತ್ತರ: ನೀವು ಆರು ತಿಂಗಳು ಎದೆಹಾಲನ್ನು ಮಾತ್ರ ಕೊಟ್ಟದ್ದು ಬಹಳ ಒಳ್ಳೆಯದಾಯಿತು, ಅದನ್ನು ಈಗಲೂ ಮುಂದುವರಿಸಿ. ತೊಂದರೆ ಇರುವುದು ರಾಗಿಯಲ್ಲಲ್ಲ, ನೀರಿನಲ್ಲಿ. ಈ ವಯಸ್ಸಿನ ಮಗುವಿನ ಹೊಟ್ಟೆ ತೀರಾ ಚಿಕ್ಕದಾದ್ದರಿಂದ, ತೆಳ್ಳನೆಯ ಸರಿ ಕುಡಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಬೆಳವಣಿಗೆಗೆ ಬೇಕಾದ ಶಕ್ತಿ ಸಿಗುವುದಿಲ್ಲ, ಎದೆಹಾಲು ಕುಡಿಯುವುದೂ ಕಡಿಮೆಯಾಗುತ್ತದೆ. ಚಮಚವನ್ನು ಓರೆ ಮಾಡಿದಾಗ ಸರಿ ಥಟ್ಟನೆ ಸುರಿದು ಹೋಗಬಾರದು, ಅಂಟಿಕೊಂಡು ನಿಧಾನವಾಗಿ ಜಾರಬೇಕು; ಅಷ್ಟು ಗಟ್ಟಿಯಾಗಿರಲಿ. ಬಾಟಲಿಯನ್ನು ಇಂದೇ ಬಿಡಿ. ಅದನ್ನು ಚೊಕ್ಕಟವಾಗಿ ತೊಳೆಯುವುದು ಕಷ್ಟ, ಭೇದಿಗೆ ಅದೇ ದಾರಿಯಾಗುತ್ತದೆ. ಬಟ್ಟಲು ಮತ್ತು ಚಮಚ ಸಾಕು.

ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವ ನಮ್ಮ ಹಿರಿಯರ ಕ್ರಮ ನಿಜಕ್ಕೂ ವಿವೇಕದ್ದು. ಮೊಳಕೆಯೊಡೆದಾಗ ಪಿಷ್ಟವು ಸ್ವಲ್ಪ ಒಡೆಯುವುದರಿಂದ ಸರಿ ಬೇಗ ಗಡುಸಾಗುವುದಿಲ್ಲ, ಹಾಗಾಗಿ ಅದೇ ಹದಕ್ಕೆ ಹೆಚ್ಚು ಹಿಟ್ಟು ಹಾಕಬಹುದು. ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಕೂಡ ತಗ್ಗುತ್ತದೆ. ಇಷ್ಟಾದರೂ ರಾಗಿಯೊಂದೇ ಸಾಲದು. ಗರ್ಭದಲ್ಲಿದ್ದಾಗ ತಾಯಿಯಿಂದ ಪಡೆದ ಕಬ್ಬಿಣಾಂಶದ ಸಂಗ್ರಹ ಆರು ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ, ಎದೆಹಾಲಿನಲ್ಲಿ ಇರುವುದು ಸ್ವಲ್ಪವೇ. ಆದ್ದರಿಂದ ಹೆಸರುಬೇಳೆ, ತೊಗರಿಬೇಳೆಯನ್ನು ಅನ್ನದೊಂದಿಗೆ ಮೆತ್ತಗೆ ಬೇಯಿಸಿ ಮಸೆದು, ಸೊಪ್ಪು ಸೇರಿಸಿ, ಅರ್ಧ ಚಮಚ ತುಪ್ಪ ಹಾಕಿ ತಿನ್ನಿಸಿ. ಮೊಟ್ಟೆಯ ಅಭ್ಯಾಸವಿರುವ ಮನೆಯಾದರೆ ಪೂರ್ತಿ ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಈಗಿನಿಂದಲೇ ಕೊಡಬಹುದು. ತಡಮಾಡಿದರೆ ಅಲರ್ಜಿ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅತ್ತೆಯವರ ಕಳಕಳಿ ಮಗುವಿನ ಹೊಟ್ಟೆಯ ಬಗೆಗಿನದು. ಒಂದು ಹೊಸ ಆಹಾರವನ್ನು ಎರಡು ಮೂರು ದಿನ ಸ್ವಲ್ಪ ಸ್ವಲ್ಪವೇ ಕೊಟ್ಟು, ಅದು ಒಗ್ಗಿದ್ದನ್ನು ಅವರಿಗೂ ತೋರಿಸಿ ಮುಂದುವರಿದರೆ ಅವರ ಆತಂಕ ತಾನಾಗಿ ಇಳಿಯುತ್ತದೆ.

ಈಗ ದಿನಕ್ಕೆ 2–3 ಸಲ, ಹೊತ್ತಿಗೆ ಕ್ರಮೇಣ ಅರ್ಧ ಬಟ್ಟಲಿನವರೆಗೆ ಕೊಡಿ. ಒಂಬತ್ತು ತಿಂಗಳಾದ ಮೇಲೆ 3–4 ಸಲ ಮಾಡಿ. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ವಿಷ ಉತ್ಪಾದಿಸಿ, ಸ್ನಾಯುಗಳ ಶಕ್ತಿ ಕುಂದಿಸುವ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲದು. ಉಪ್ಪು, ಸಕ್ಕರೆಯೂ ಬೇಡ. ಇಡಿಯ ಕಡಲೆಕಾಯಿ ಬೀಜ, ದ್ರಾಕ್ಷಿಯನ್ನು ಮಗುವಿನ ಕೈಗೆ ಎಟುಕದಂತೆ ಇಡಿ, ಉಸಿರುಗಟ್ಟುವ ಭಯವಿದೆ. ಆರು ತಿಂಗಳಿನಿಂದ ವಾರಕ್ಕೆ ಎರಡು ಬಾರಿ 1 ಮಿ.ಲೀ. ಕೊಡಬೇಕಾದ ಕಬ್ಬಿಣಾಂಶದ ಸಿರಪ್ ಬಗ್ಗೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಇಷ್ಟು ಬದಲಾಯಿಸಿದ ಮೇಲೂ ಮುಂದಿನ ತಿಂಗಳು ತೂಕ ಏರದಿದ್ದರೆ, ಅಥವಾ ಮಗು ಬಿಳಿಚಿಕೊಂಡು ಮಂಕಾಗಿದ್ದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ, ಹಿಮೋಗ್ಲೋಬಿನ್ 9.8 ಇದೆ. ಕಬ್ಬಿಣಾಂಶದ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗಿದೆ. ನಿಲ್ಲಿಸಲೇ?
— ಹೆಸರು ಬೇಡ, ಹಾವೇರಿ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಮಲ ಕಪ್ಪಾಗುವುದು ಈ ಮಾತ್ರೆಯಿಂದ ಸಹಜ. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ನಿಮಗೆ ದಿನಕ್ಕೆ ಎಷ್ಟು ಮಾತ್ರೆ ಬೇಕೆಂಬುದನ್ನು ತಾಯಿ ಕಾರ್ಡ್ ತೋರಿಸಿ ವೈದ್ಯರಿಂದ ನಿರ್ಧರಿಸಿಕೊಳ್ಳಿ. ಕಾಫಿ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಬೆಳಗ್ಗೆ ಬೇಡ, ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ನಂತರ ನಿಂಬೆಹಣ್ಣಿನ ನೀರಿನೊಂದಿಗೆ ನುಂಗಿ ನೋಡಿ, ವಾಕರಿಕೆಯೂ ಕಡಿಮೆಯಾಗಬಹುದು. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆಗೆ ಸೇರಿಸದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ. ಹೆರಿಗೆಯಾದ ಮೇಲೂ 180 ದಿನ ಕಬ್ಬಿಣಾಂಶದ ಮಾತ್ರೆ ಮುಂದುವರಿಯಬೇಕು. ಬಾಣಂತನದ ಗಡಿಬಿಡಿಯಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.